ಗೋಡೆಗೊಂದು ಮೊರ

ಎರಡು ಡಾಲರ್ ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಪ್ಲಾಸ್ಟಿಕ್ಕಿನ ವಾಸನೆ. ಅದನ್ನು ದಾಟಿ, ಮೇಣದಬತ್ತಿಗಳನ್ನೂ ಫೋಟೋ ಫ್ರೇಮುಗಳನ್ನೂ ದಾಟಿ ಕೊನೆಯ ಸಾಲಿಗೆ ಹೋದರೆ ಒಣಹುಲ್ಲಿನ ವಾಸನೆ ಬರುತ್ತದೆ. ಕಳೆದ ವಾರ ಆ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಅಂಗಡಿಯ ಹುಡುಗಿ ಬಂದು ಏನಾದರೂ ಸಹಾಯ ಬೇಕೇ ಎಂದು ಕೇಳಿದಳು. ನನ್ನ ಕೈಯಲ್ಲಿ ಹುಲ್ಲಿನಿಂದ ಹೆಣೆದ ದುಂಡನೆಯ ತಟ್ಟೆಯಿತ್ತು. ಒಂದೇ ಒಂದು. ಯಾಕೆ ಒಂದೇ ಎಂದು ಅವಳೇನೂ ಕೇಳಲಿಲ್ಲ. ನೀವು ಕೇಳುತ್ತೀರಿ ಎಂದುಕೊಂಡು ನಾನೇ ಹೇಳಿಬಿಡುತ್ತೇನೆ.

ಮಗಳು ಮೇಘನಾ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ ಹೊಸ ಮನೆ ಕಟ್ಟಿಸಿದ್ದಾಳೆ. ಅಡುಗೆಮನೆಯ ಪಕ್ಕದ ಬಿಳಿ ಗೋಡೆ ಬೋಳಾಗಿದೆ, ಅದಕ್ಕೆ 'ಫಾರ್ಮ್‌ಹೌಸ್ ಸ್ಟೈಲ್' ಬೇಕಂತೆ. ಫೋನಿನಲ್ಲಿ ತೋರಿಸಿದಳು: ಹುಲ್ಲಿನ ಬುಟ್ಟಿ, ಸವೆದ ಹಲಗೆ, ಗೋಧಿ ತೆನೆ. ಬೆಲೆ ನೋಡಿ ನನಗೆ ನಗು ಬಂತು. ಸುಮ್ಮನಿರು, ನಾನೇ ಮಾಡಿಕೊಡುತ್ತೇನೆ ಎಂದೆ. ಅವಳು ಅನುಮಾನದಿಂದ ನೋಡಿದಳು. ಅವಳದೂ ತಪ್ಪಲ್ಲ, ನಾನು ಅಂಟಿಸಿದ್ದು ಯಾವುದೂ ಹೆಚ್ಚು ದಿನ ಗೋಡೆಯ ಮೇಲೆ ನಿಂತದ್ದನ್ನು ನಮ್ಮ ಮನೆಯವರು ಕಂಡಿಲ್ಲ.

ಹಿಂದೆ ಈ ಹುಚ್ಚಿಗೆ 'ಕಂಟ್ರಿ ಸ್ಟೈಲ್' ಎಂದು ಹೆಸರು. ಎಂಬತ್ತರ ದಶಕದ ಕೊನೆಗೆ ನಾವು ಸಿಡ್ನಿಗೆ ಬಂದಾಗ ವೆಂಟ್‌ವರ್ತ್‌ವಿಲ್‌ನ ನಮ್ಮ ಬೀದಿಯ ಒಂದೊಂದು ಅಡುಗೆಮನೆಯೂ ಒಂದೊಂದು ಹಳ್ಳಿ. ಹುಟ್ಟಿದಾಗಿನಿಂದ ಹಸುವಿನ ಬಾಲ ಮುಟ್ಟಿರದವರು ಗೋಡೆಗೆ ಹುಲ್ಲಿನ ಟೋಪಿ, ತುಕ್ಕು ಹಿಡಿದ ಲಾಳ, ಮರದ ಕೋಳಿ ತೂಗುಹಾಕುತ್ತಿದ್ದರು. ದೂರದ ಬೆಟ್ಟ ನುಣ್ಣಗೆ. ನಾವಾದರೋ ಅಜ್ಜನ ಕಾಲದ ಕೊಟ್ಟಿಗೆಯ ನೆನಪನ್ನು ಕಷ್ಟಪಟ್ಟು ಅಳಿಸಿಕೊಂಡು ವಿಮಾನ ಹತ್ತಿದ ಡಾಕ್ಟರು, ಎಂಜಿನಿಯರುಗಳ ಸಂಸಾರ. ಅದಕ್ಕೇ ಇವರು ರಿಬ್ಬನ್ ಕಟ್ಟಿ ಮೆರೆಸುವುದನ್ನು ಕಂಡು ಒಳಗೊಳಗೇ ನಗುತ್ತಿದ್ದೆವು.

ನಗದೆ ನೋಡಿದವರು ವಿಮಲಾ ಆಂಟಿ ಒಬ್ಬರೇ. ನಮ್ಮ ಮನೆಯಿಂದ ಕಾರಿನಲ್ಲಿ ಐದು ನಿಮಿಷದ ದೂರದಲ್ಲಿದ್ದರು. ಮೈಸೂರಿನವರು, ನಮಗಿಂತ ಎಷ್ಟೋ ವರ್ಷ ಮೊದಲೇ ಬಂದವರು. ಹೊಸದಾಗಿ ಬಂದ ಹೆಂಗಸರಿಗೆಲ್ಲ ಅವರ ಮನೆಯೇ ತವರು. ಎರಡು ಡಾಲರ್ ಅಂಗಡಿಯಿಂದ ಹಲಗೆ ತುಂಡು ತಂದು ಬಿಳಿ ಬಣ್ಣ ಹೊಡೆಯುವರು, ಒಣಗಿದ ಮೇಲೆ ಸ್ಯಾಂಡ್‌ಪೇಪರಿನಿಂದ ಅಂಚನ್ನು ಮಾತ್ರ ಉಜ್ಜುವರು. ನೋಡಿದರೆ ಯಾರದೋ ಮುತ್ತಜ್ಜಿಯ ಮನೆಯ ಬಾಗಿಲಿನಿಂದ ಕಿತ್ತುತಂದಂತೆ ಕಾಣುವುದು. ಬಿಳಿ ಬಟ್ಟೆಯ ಪಟ್ಟಿಗಳನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಮಾಸಲು ಬಣ್ಣ ಬರಿಸಿ, ಗೋಣಿದಾರದ ಜೊತೆ ಗಂಟು ಹಾಕುವರು. ನಾನೂ ಪಕ್ಕದಲ್ಲಿ ಕೂತು ಅದೇ ಹಲಗೆ, ಅದೇ ಬಣ್ಣ ಹಿಡಿದು ಮಾಡುತ್ತಿದ್ದೆ. ಆದರೆ ನನ್ನದು ಮುತ್ತಜ್ಜಿಯ ಬಾಗಿಲಿನಂತಲ್ಲ, ಬೀದಿಗೆ ಎಸೆದ ಹಲಗೆಯಂತೆ ಕಾಣುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಂಟು ಸರಿಯಿಲ್ಲ ಎನ್ನುತ್ತಿದ್ದೆ.

ಗೌರಿ ಹಬ್ಬಕ್ಕೆ ಮೊರದ ಬಾಗಿನ ಕೊಡಬೇಕಲ್ಲ, ಅದು ನಮ್ಮ ದೊಡ್ಡ ಚಿಂತೆಯಾಗಿತ್ತು. ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಎಲ್ಲ ಹೇಗೋ ಸಿಗುತ್ತಿದ್ದವು, ಮೊರ ಸಿಗುತ್ತಿರಲಿಲ್ಲ. ಊರಿನಿಂದ ತರೋಣವೆಂದರೆ ವಿಮಾನ ನಿಲ್ದಾಣದಲ್ಲಿ ಬಿದಿರು, ಹುಲ್ಲು ಒಳಗೆ ಬಿಡುವುದು ಕಷ್ಟ. ಸ್ಟೀಲ್ ತಟ್ಟೆಯಲ್ಲಿ ಕೊಟ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಒಂದು ಆಗಸ್ಟಿನಲ್ಲಿ ಆಂಟಿ ಎರಡು ಡಾಲರ್ ಅಂಗಡಿಯಿಂದ ಹುಲ್ಲಿನ ತಟ್ಟೆಗಳ ರಾಶಿಯನ್ನೇ ಹೊತ್ತು ತಂದರು. ಇಲ್ಲಿನವರು ಒಣಹೂ ಅಂಟಿಸಿ ಗೋಡೆಗೆ ಹಾಕಲು ಕೊಳ್ಳುವ ತಟ್ಟೆಗಳು ಅವು. ಒಂದು ಕಡೆಯ ಅಂಚು ಕತ್ತರಿಸಿ ಬಾಯಿ ತೆಗೆದರೆ ಮೊರವಾಗುತ್ತದೆ ಎಂದು ಅವರಿಗೆ ಹೊಳೆದಿತ್ತು.

ಕತ್ತರಿಸುವ ಕೆಲಸ ಅವರ ಯಜಮಾನರದು. ಶ್ರೀಕಂಠ ಅಂಕಲ್ ಸೇತುವೆ ಕಟ್ಟುವ ಎಂಜಿನಿಯರ್, ಮಾತು ಕಡಿಮೆ. ಒಣಗಿದ್ದಾಗ ಕತ್ತರಿಸಿದರೆ ಹುಲ್ಲು ಸಿಗಿದುಹೋಗುತ್ತದೆ ಎಂದು ತಟ್ಟೆಯ ಅಂಚಿಗೆ ಒದ್ದೆ ಟವೆಲ್ ಸುತ್ತಿಡುತ್ತಿದ್ದರು. ನೆನೆದ ಮೇಲೆ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಗುಲಾಬಿ ಗಿಡ ಕತ್ತರಿಸುವ ಕತ್ತರಿಯಿಂದ ನಿಧಾನವಾಗಿ ಕತ್ತರಿಸುವರು. ಒಂದರ ಮೇಲೊಂದು ಮುಚ್ಚಿದರೆ ಅಲುಗಾಡದಂತೆ ಜೋಡಿ ಹೊಂದಿಸುವುದೂ ಅವರೇ. ಮೂವತ್ತು ವರ್ಷದ ಎಂಜಿನಿಯರಿಂಗ್ ಒದ್ದೆ ಟವೆಲ್ಲಿಗೆ ಬಂದು ನಿಂತಿತು ಎಂದು ಆಂಟಿ ಹಾಸ್ಯ ಮಾಡಿದರೆ ಅಂಕಲ್ ಕತ್ತರಿ ನಿಲ್ಲಿಸದೆ ನಗುವರು. ಆಮೇಲೆ ಆಂಟಿ ಅರಿಶಿನ ಬಳಿದು ಒಣಗಿಸುವರು. ಹೀಗೆ ನಾಲ್ಕಾರು ಹಬ್ಬ ನಡೆಯಿತು. ನನ್ನ ಮೊದಲ ಬಾಗಿನ ಪ್ರತಿವರ್ಷವೂ ಆಂಟಿಗೇ. ಸೆರಗು ಮುಚ್ಚಿ ಕೊಡುವಾಗ ಅವರ ಕೈಯ ಹಸಿರು ಬಳೆಗಳು ನನ್ನ ಬಳೆಗಳಿಗೆ ತಾಗುತ್ತಿದ್ದವು.

ಒಂದು ವರ್ಷ ಜುಲೈ ತಿಂಗಳಲ್ಲಿ, ಬೆಳಿಗ್ಗೆ ಗ್ಯಾರೇಜಿಗೆ ಹೋದ ಅಂಕಲ್ ಕಾಫಿಗೆ ಕರೆದರೆ ಬರಲಿಲ್ಲ. ಆಂಟಿ ಹೋಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಬ್ಬ ಇನ್ನೂ ದೂರವಿದ್ದರೂ ಆ ದಿನವೇ ಮೊರಗಳನ್ನು ಶುರುಮಾಡಿದ್ದರು. ಒಂದು ಕತ್ತರಿಸಿ ಮುಗಿಸಿದ್ದರು. ಅದರ ಜೋಡಿ ಒದ್ದೆ ಟವೆಲ್ಲಿನಲ್ಲಿ ನೆನೆಯುತ್ತಿತ್ತು.

ಆ ಸಲ ಮೊರಗಳ ಆಸೆ ಯಾರಿಗೂ ಇರಲಿಲ್ಲ. ಆದರೂ ಹಬ್ಬದ ಹಿಂದಿನ ದಿನ ಆಂಟಿ ನಮ್ಮ ಮನೆ ಬಾಗಿಲಿಗೆ ಬಂದು, ಎಲ್ಲರ ಮೊರಗಳನ್ನೂ ಇಟ್ಟು, ಒಳಗೆ ಬಾರದೆ ಹೊರಟರು. ತಾವೇ ಕೂತು ಕತ್ತರಿಸಿದ್ದರು. ಅರಿಶಿನ ಮಾತ್ರ ಬಳಿದಿರಲಿಲ್ಲ. ಅದನ್ನು ನೀವೇ ಹಚ್ಚಿಕೊಳ್ಳಿ ಎಂದರು. ಕಾರು ಹತ್ತುವಾಗ ನೋಡಿದೆ, ಕೈ ಬರಿದಾಗಿತ್ತು. ಊರಿಗೆಲ್ಲ ಮೊರ ಮಾಡಿಕೊಟ್ಟವರಿಗೆ ನಾಳೆ ಒಂದು ಬಾಗಿನವಿಲ್ಲ ಎಂದರೆ ಇದೆಂಥ ಹಬ್ಬ ಎಂದು ಸಿಟ್ಟು ಬಂತು.

ಮರುದಿನ ಪೂಜೆ ಮುಗಿದ ಮೇಲೆ, ಯಾರು ಏನಾದರೂ ಅಂದುಕೊಳ್ಳಲಿ ಎಂದು ಒಂದು ಬಾಗಿನ ತುಂಬಿಕೊಂಡು ಆಂಟಿಯ ಮನೆಗೆ ಹೋದೆ. ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದುದನ್ನು ನೋಡಿದರು, ಒಳಗೆ ಕರೆದು ಕೂರಿಸಿದರು. ನಾನು ಸೆರಗು ಮುಂದೆ ಮಾಡಿದಾಗ ನನ್ನ ಕೈ ಹಿಡಿದು ಕೆಳಗಿಳಿಸಿದರು.

"ತಪ್ಪು ಅಂತ ಅಲ್ಲ ಕಣೇ. ಶಾಸ್ತ್ರ ಗೀಸ್ತ್ರ ನಾನು ಯಾವತ್ತೋ ಬಿಟ್ಟೆ. ಆದ್ರೆ ಇದನ್ನ ತಗೊಂಡ್ರೆ, ಅವರಿನ್ನೂ ಗ್ಯಾರೇಜಲ್ಲೇ ಇದ್ದಾರೆ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡ ಹಾಗಾಗತ್ತೆ."

ಆಗಲೇ ನಾನು ಗೋಡೆ ನೋಡಿದ್ದು. ಅಂಕಲ್ ಕೊನೆಗೆ ಕತ್ತರಿಸಿದ್ದ ಆ ಒಂದು ಮೊರ ಅಡುಗೆಮನೆಯ ಗೋಡೆಯಲ್ಲಿತ್ತು. ಅದಕ್ಕೆ ನಾಲ್ಕು ಗೋಧಿ ತೆನೆ ಸಿಕ್ಕಿಸಿ, ಟೀ ಬಣ್ಣದ ಪಟ್ಟಿಯಿಂದ ಗಂಟು ಹಾಕಿದ್ದರು. ಅಚ್ಚುಕಟ್ಟಾದ ಕಂಟ್ರಿ ಸ್ಟೈಲ್. ಗೊತ್ತಿಲ್ಲದವರು ನೋಡಿದರೆ ಎಲ್ಲಿ ಕೊಂಡಿರಿ ಎಂದು ಕೇಳಬೇಕು, ಹಾಗಿತ್ತು.

"ಜೋಡಿ ಇದ್ರೆ ಬಾಗಿನ," ಅಂದರು ಆಂಟಿ. "ಒಂದೇ ಆದ್ರೆ ಗೋಡೆಗೆ."

ಬಾಗಿನವನ್ನು ಕಾರಿನ ಪಕ್ಕದ ಸೀಟಿನಲ್ಲಿಟ್ಟುಕೊಂಡು ವಾಪಸ್ ಬಂದೆ. ದಾರಿಯುದ್ದಕ್ಕೂ ಒಳಗಿನ ಬಳೆಗಳು ಸದ್ದು ಮಾಡುತ್ತಿದ್ದವು.

ತೊಂಬತ್ತರ ದಶಕದ ನಡುವೆ ಆಂಟಿಯನ್ನು ಅವರ ಮಗ ಮೆಲ್ಬರ್ನಿಗೆ ಕರೆದುಕೊಂಡು ಹೋದ. ಒಬ್ಬನೇ ಮಗ, ಹೆಣ್ಣುಮಕ್ಕಳಿರಲಿಲ್ಲ. ಒಮ್ಮೆ ನಾವು ನೋಡಲು ಹೋದಾಗ ಮೊರ ಅವರ ಕೋಣೆಯ ಗೋಡೆಯಲ್ಲಿತ್ತು. ತೆನೆಯ ಕಾಳು ಅರ್ಧ ಉದುರಿತ್ತು. ಪಕ್ಕದ ಮನೆಯ ಬಿಳಿಯ ಹೆಂಗಸು ಬಂದು ಬಹಳ ಮೆಚ್ಚಿಕೊಂಡಳು. "ಮೈ ಹಸ್ಬೆಂಡ್ ಮೇಡ್ ಇಟ್," ಎಂದು ಆಂಟಿ ಹೇಳುವಾಗ ಅವರ ಮುಖದಲ್ಲಿ ಹಳೆಯ ನಗು ಕಂಡಿತು. ಅದೇ ನಾನು ಕಂಡ ಕೊನೆಯ ನಗು. ಅವರು ತೀರಿಕೊಂಡ ಮೇಲೆ ಆ ಮೊರ ಏನಾಯಿತೋ ತಿಳಿಯದು. ಮಗನನ್ನು ಕೇಳಲು ಬಾಯಿ ಬರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದೇ ತಟ್ಟೆ ಯಾಕೆ ಕೊಂಡೆ ಎಂದು ನಿಮಗೆ ಗೊತ್ತಾಗಿರಬೇಕು. ಕಳೆದ ಗೌರಿ ಹಬ್ಬದ ಹೊತ್ತಿಗೆ ನಮ್ಮ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಂದು ಸ್ನೇಹಿತೆಯೊಬ್ಬಳು ಬಾಗಿನ ತಂದಾಗ ನಾನೂ ಆಂಟಿಯ ಮಾತನ್ನೇ ಹೇಳಿ ಕಳಿಸಿದ್ದೆ. ಹೇಳುವಾಗ ಅದು ನನ್ನದೇ ಮಾತು ಅನ್ನಿಸಿತ್ತು.

ಮೇಘನಾಳ ಮನೆಯಲ್ಲಿ ಕೂತು ಅಂಚು ನೆನೆಸಿ, ಕತ್ತರಿಸಿ, ತೆನೆ ಸಿಕ್ಕಿಸಿ, ಗೋಡೆಗೆ ಹಾಕಿದೆ. ಆಶ್ಚರ್ಯವೆಂದರೆ ಬೀಳಲಿಲ್ಲ. ಅವಳು ದೂರ ನಿಂತು ನೋಡಿದಳು. "ಇಟ್ ಲುಕ್ಸ್ ಲೋನ್ಲಿ, ಅಮ್ಮಾ," ಎಂದವಳೇ ಕಾರು ತೆಗೆದುಕೊಂಡು ಹೋಗಿ ಇನ್ನೊಂದು ತಟ್ಟೆ ತಂದಳು. ಜೋಡಿ ಗೋಡೆಗಲ್ಲ ಎಂದು ನಾನು ಆಂಟಿಯ ಕತೆಯನ್ನೆಲ್ಲ ಹೇಳಬೇಕಾಯಿತು. ಅವಳು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರಿಸುವವಳು ಅಂದು ಕನ್ನಡದ ಮಾತುಗಳನ್ನು ಹುಡುಕಿ ಹುಡುಕಿ ಆಡಿದಳು.

"ಬಾಗಿನ ಅಮ್ಮಂಗೆ ಕೊಡೋದು ಅಂತ ನೀನೇ ಹೇಳಿದ್ದೆ. ಅಪ್ಪ ಇಲ್ಲ, ಗೊತ್ತು. ಆದ್ರೆ ನೀನು ಇನ್ನೂ ಅಮ್ಮನೇ ಅಲ್ವಾ?"

ಆಂಟಿಯ ಮಾತು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಹೇಳಲು ಹೋದರೆ ಅಳು ಬಂತು. ಯಜಮಾನರು ಹೋದ ಮೇಲೆ ಯಾರ ಮುಂದೆಯೂ ಅಷ್ಟು ಅತ್ತಿರಲಿಲ್ಲ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಮೂಗು ಒರೆಸಿಕೊಂಡು ಅವಳ ಮಡಿಲಿನ ತಟ್ಟೆಯನ್ನು ತೆಗೆದುಕೊಂಡೆ.

"ಹೋಗು, ಒಂದು ಟವೆಲ್ ಒದ್ದೆ ಮಾಡ್ಕೊಂಡು ಬಾ," ಎಂದೆ. "ಮೊದಲು ಅಂಚು ನೆನೀಬೇಕು."