ಕಾಡಿಗೆಯ ಹುಬ್ಬು

ಹಿಂದೂಪುರದ ಒಂದು ಲ್ಯಾಬಿನಲ್ಲಿ ಇಪ್ಪತ್ತು ವರ್ಷ ರಕ್ತ ತೆಗೆದು ತೆಗೆದು ಸಾಕಾಗಿ, ಬೆಂಗಳೂರಿನ ಆಸ್ಪತ್ರೆಯವರ ಸಂಶೋಧನೆಯೊಂದಕ್ಕೆ ಸೇರಿಕೊಂಡೆ. ಅವರು ನನ್ನ ಕೈಗೆ ಮೊದಲು ಕೊಟ್ಟದ್ದು ನಾಲ್ಕು ಪುಟದ ಫಾರಂ. ಮಕ್ಕಳಿಗೆ ಹುಟ್ಟಿನಿಂದಲೇ ಬರುವ ಚಯಾಪಚಯದ ಕಾಯಿಲೆಗಳ ಬಗ್ಗೆ ಆ ಸಂಶೋಧನೆ. ಹೆಸರು ಕೇಳಿ ಗಾಬರಿಯಾಗಬೇಡಿ, ಮೊದಲ ದಿನ ನಾನೂ ಆಗಿದ್ದೆ. ಹೊಟ್ಟೆಗೆ ಹೋದ ಹಾಲು, ಅನ್ನವನ್ನು ಮೈ ಒಡೆದು ತನಗೆ ಬೇಕಾದ್ದನ್ನು ಉಳಿಸಿಕೊಳ್ಳುತ್ತದಲ್ಲ, ಆ ಕೆಲಸದಲ್ಲಿ ಯಾವುದೋ ಒಂದು ಕೊಂಡಿ ಹುಟ್ಟುವಾಗಲೇ ಇಲ್ಲದಿರುವುದು, ಅಷ್ಟೇ. ಕೆಲವಕ್ಕೆ ಮದ್ದಿಲ್ಲ. ಕೆಲವಕ್ಕೆ ಇದೆ, ಆದರೆ ಹೊತ್ತು ಮೀರುವುದರೊಳಗೆ ಗೊತ್ತಾಗಬೇಕು.

ಫಾರಮ್ಮಿನ ಕೊನೆಯ ಪುಟದಲ್ಲಿ ಮಗುವಿನ ಮನೆತನದ ಚಿತ್ರ ಬರೆಯಬೇಕಿತ್ತು. ರಕ್ತಸಂಬಂಧದೊಳಗೆ ಮದುವೆಯಾದವರ ನಡುವೆ ಎರಡು ಗೆರೆ ಎಳೆಯುವುದು ಪದ್ಧತಿ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಇವತ್ತಿಗೂ ಇದೆ, ಹಾಗಾಗಿ ಮೊದಲ ವಾರದಲ್ಲೇ ನನ್ನ ಪೆನ್ನು ಖಾಲಿಯಾಯಿತು. ಅಭ್ಯಾಸಕ್ಕೆಂದು ನನ್ನ ಮನೆಯದೇ ಚಿತ್ರ ಬರೆದು ನೋಡಿದೆ. ನಾನೂ ಸೋದರಮಾವನನ್ನೇ ಕಟ್ಟಿಕೊಂಡವಳು. ನಮ್ಮಿಬ್ಬರ ನಡುವಿನ ಎರಡು ಗೆರೆ ನೋಡಿ ನನ್ನ ಗಂಡ, "ಒಂದು ಗೆರೆ ಸಾಲ್ದು ಅಂತ ಎರಡ್ರಲ್ಲಿ ಕಟ್ಟಾಕಿದೀಯಾ ನನ್ನ?" ಅಂದರು.

ತಿಂಗಳಿಗೊಂದು ದಿನ ಕಲ್ಯಾಣದುರ್ಗದಲ್ಲಿ ಕ್ಯಾಂಪು. ಬೆಳವಣಿಗೆ ನಿಧಾನವಾದ ಮಕ್ಕಳನ್ನು ಸುತ್ತಲ ಹಳ್ಳಿಗಳಿಂದ ಕರೆತರುತ್ತಿದ್ದರು. ಅವರನ್ನು ಮೊದಲು ನೋಡಿ ಫಾರಂ ತುಂಬುವುದು ನನ್ನ ಕೆಲಸ. ಕೂದಲು, ಚರ್ಮ, ಕಣ್ಣು, ನಡಿಗೆ ಎಂದು ಒಂದೊಂದಕ್ಕೂ ಗುರುತು ಹಾಕಬೇಕು. ಇಷ್ಟು ಗುರುತು ಬಿದ್ದರೆ ಮಗು ಅವತ್ತೇ ಒಳಗಿದ್ದ ಡಾಕ್ಟರಮ್ಮನ ಹತ್ತಿರ ಹೋಗುತ್ತದೆ, ಇಲ್ಲದಿದ್ದರೆ ಮುಂದಿನ ತಿಂಗಳು ಬನ್ನಿ ಎಂದು ಕಳಿಸುವುದು. ಡಾಕ್ಟರಮ್ಮ ಬೆಂಗಳೂರಿನ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಬುದ್ಧಿ ಚುರುಕು, ಬಾಯಿ ಅದಕ್ಕಿಂತ ಚುರುಕು.

ಅಂಥ ಒಂದು ಕ್ಯಾಂಪಿಗೆ ಕುಂದುರ್ಪಿಯ ಆಚೆಯ ಹಳ್ಳಿಯಿಂದ ಒಬ್ಬ ಅಜ್ಜಿ, ಮಗಳನ್ನೂ ಹತ್ತು ತಿಂಗಳ ಮೊಮ್ಮಗನನ್ನೂ ಕರೆದುಕೊಂಡು ಬಂದಿದ್ದರು. ಮಗುವನ್ನು ನೋಡಿ ನನಗೆ ನಗು ಬಂತು. ನುಣ್ಣಗೆ ಬೋಳಿಸಿದ ತಲೆ, ಅದರ ಮೇಲೆ ಗಂಧ. ಕೆನ್ನೆಗೂ ಗಂಧ, ಬಾಯಿಯ ಸುತ್ತ ಅರಿಶಿನ. ಕಾಡಿಗೆಯಲ್ಲಿ ತೀಡಿದ ಕಪ್ಪಾದ ಎರಡು ಹುಬ್ಬು, ಗದ್ದಕ್ಕೊಂದು ದೃಷ್ಟಿಬೊಟ್ಟು. ಮದುವೆ ಗಂಡಿಗೂ ಇಷ್ಟು ಅಲಂಕಾರ ಮಾಡುವುದಿಲ್ಲ.

"ಏನವ್ವ, ದಿಬ್ಬಣ ಹೊರಟಂಗಿದೆ?" ಅಂದೆ.

"ಡಾಕ್ಟ್ರ ಮುಂದುಕ್ ಬತ್ತೀವಿ, ಮಗ ಚೆಂದಾಗಿ ಕಾಣ್ಬ್ಯಾಡ್ವಾ?" ಅಂದರು ಅಜ್ಜಿ. "ಮನೆದೇವ್ರಿಗೆ ಮುಡಿ ಕೊಟ್ಕೊಂಡು ಹಂಗೇ ಬಂದ್ಬುಟ್ವಿ ಕಣಮ್ಮ."

ಮನೆತನದ ಚಿತ್ರಕ್ಕೆ ಕೇಳಿದರೆ, "ನನ್ ತಮ್ಮನ್ಗೇ ಮಗಳ್ನ ಕೊಟ್ಟಿವ್ನಿ. ಅಳಿಯ ಅಂದ್ರೂ ಅವ್ನೇ, ತಮ್ಮ ಅಂದ್ರೂ ಅವ್ನೇ. ಬಯ್ಯೋಕೆ ಎರಡು ಕಡೆಯಿಂದ್ಲೂ ಹಕ್ಕೈತೆ ನಂಗೆ," ಅಂದರು. ನಾನು ನಗುತ್ತಾ ಎರಡು ಗೆರೆ ಎಳೆದೆ. ಮಗು ಕುತ್ತಿಗೆ ವಾಲಿಸಿಕೊಂಡು ತೂಕಡಿಸುತ್ತಿತ್ತು. ಬಸ್ಸಿನ ಆಯಾಸ ಅಂದುಕೊಂಡೆ. ಕೂದಲು ಎಂಬಲ್ಲಿ "ಮುಡಿ ಕೊಟ್ಟಿದೆ" ಎಂದು ಬರೆದೆ. ಚರ್ಮ ಎಂಬಲ್ಲಿ ಏನೂ ಇಲ್ಲ ಎಂದು ಬರೆದೆ. ಗುರುತು ಸಾಲದೇ ಹೋಯಿತು. ಮುಂದಿನ ತಿಂಗಳು ಬನ್ನಿ ಅಂದೆ.

ಮುಂದಿನ ತಿಂಗಳು ಅವರು ಬರಲಿಲ್ಲ. ನಾನು ಮರೆತೇಬಿಟ್ಟಿದ್ದೆ.

ಆ ಕ್ಯಾಂಪು ಮುಗಿದ ನಾಲ್ಕೈದು ದಿನಕ್ಕೆ, ವರ್ಷಕ್ಕಾಗುವಷ್ಟು ಹುಣಸೆಹಣ್ಣು ತರೋಣವೆಂದು ಹಿಂದೂಪುರದ ಮಾರ್ಕೆಟ್ ಯಾರ್ಡಿಗೆ ಹೋದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಹುಣಸೆಯ ಮೂಟೆಗಳ ನೆರಳಲ್ಲಿ ಆ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ಮಗಳು, ಮಗಳ ತೊಡೆಯ ಮೇಲೆ ಮಗು. ನನ್ನ ತಮ್ಮ ಹುಣಸೆ ಮಾರಲು ಬಂದಿದ್ದಾನೆ, ನಾವೂ ಜೊತೆಗೆ ಬಂದೆವು ಎಂದರು. ನಾನು ಮಗುವನ್ನು ಎತ್ತಿಕೊಂಡೆ. ಬಟ್ಟೆಯ ಟೋಪಿ ಬೆವರಿಗೆ ಒದ್ದೆಯಾಗಿತ್ತು, ತೆಗೆದೆ. ತಲೆ ಅವತ್ತಿನ ಹಾಗೇ ನುಣ್ಣಗಿತ್ತು.

"ಮತ್ತೆ ಮುಡಿ ಕೊಟ್ರಾ ಅವ್ವ?"

"ಇಲ್ಲ ಕಣಮ್ಮ, ಅವತ್ತಿಂದೇ. ಮೊದ್ಲೂ ಅಲ್ಲೊಂದು ಇಲ್ಲೊಂದು ಉದ್ರೋಗ್ತಿತ್ತು. ಬೋಳಿಸಿದ್ರೆ ದಪ್ಪಕ್ ಬತ್ತದೆ ಅಂತ ಬೋಳಿಸ್ದೆ."

ಸೆರಗಿನ ತುದಿಯಿಂದ ಮಗುವಿನ ಹಣೆ ಒರೆಸಿದೆ. ಕಾಡಿಗೆಯ ಹುಬ್ಬು ಸೆರಗಿಗೆ ಬಂತು. ಕೆಳಗೆ ಹುಬ್ಬೇ ಇರಲಿಲ್ಲ, ಒಂದು ಕೂದಲೂ ಇರಲಿಲ್ಲ. ಬಾಯಿಯ ಸುತ್ತಲಿನ ಅರಿಶಿನ ಒರೆಸಿದೆ, ಕೆಂಪಗೆ ಕಿತ್ತುಹೋದ ಚರ್ಮ. ಅಷ್ಟರಲ್ಲಿ ಮಗುವಿನ ಎರಡೂ ಕೈ ಪಟಪಟನೆ ಅದುರಿ ನಿಂತವು. "ಬೆಚ್ಚಿ ಬೀಳ್ತಾನೆ, ಅವಾಗವಾಗ," ಅಂದಳು ತಾಯಿ ಮೆಲ್ಲಗೆ.

ಅಜ್ಜಿಯನ್ನು ಬಯ್ಯಲು ಬಾಯಿ ತೆರೆದೆ. ನನ್ನ ಮಗಳಿಗೂ ಹೀಗೇ ಹುಬ್ಬು ತೀಡಿ ಮೆರೆಸಿದವಳು ನಾನು. ಡಾಕ್ಟರ ಮುಂದೆ ಚೆಂದ ಕಾಣಲಿ ಎಂದು ಅಜ್ಜಿ ಕಾಯಿಲೆಯ ಗುರುತನ್ನೆಲ್ಲ ಮುಚ್ಚಿದ್ದರು, ಒರೆಸಿ ನೋಡಬೇಕಾದ ನಾನು ನಗುತ್ತಾ ಕೂತಿದ್ದೆ. ಹುಣಸೆಹಣ್ಣನ್ನು ಅಲ್ಲೇ ಬಿಟ್ಟು, ಮೂವರನ್ನೂ ಆಟೋಗೆ ಹತ್ತಿಸಿ ಊರಲ್ಲೇ ಇದ್ದ ನಮ್ಮ ಸಂಶೋಧನೆಯ ಕ್ಲಿನಿಕ್ಕಿಗೆ ಕರೆದೊಯ್ದೆ. ಪುಣ್ಯಕ್ಕೆ ಅವತ್ತು ಡಾಕ್ಟರಮ್ಮ ಇದ್ದರು.

ಮಗುವನ್ನು ನೋಡಿದರು. ಹಳೆಯ ಫಾರಂ ತರಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ತಲೆಗೆ ಮುಡಿ ಕೊಟ್ಟಿದ್ದಾರೆ, ಸರಿ. ಹುಬ್ಬಿಗೂ ಮುಡಿ ಕೊಡ್ತಾರೇನ್ರೀ ನಿಮ್ಮೂರಲ್ಲಿ?"

ಸೆರಗಿಗೆ ಹತ್ತಿದ್ದ ಕಾಡಿಗೆಯನ್ನು ತೋರಿಸಿದೆ. ಬೇರೆ ದಿನವಾಗಿದ್ದರೆ ತಿರುಗಿ ಎರಡು ಮಾತು ಆಡದೆ ಬಿಡುತ್ತಿರಲಿಲ್ಲ.

ಬಯೋಟಿನ್ ಎಂಬ ವಿಟಮಿನ್ ಇದೆ. ನಮ್ಮ ಮೈ ಅದನ್ನು ಒಂದು ಸಲ ಬಳಸಿ ಬಿಸಾಡುವುದಿಲ್ಲ, ಮತ್ತೆ ಮತ್ತೆ ಬಳಸುತ್ತದೆ. ಆ ಕೊಂಡಿಯೇ ಈ ಮಗುವಿಗೆ ಇಲ್ಲದಿರಬಹುದು, ಹಾಗಾಗಿ ಕೂದಲು, ಚರ್ಮ, ಮಿದುಳು ಎಲ್ಲವೂ ಸೊರಗಿವೆ ಎಂದರು ಡಾಕ್ಟರಮ್ಮ. ರಕ್ತ ತೆಗೆಯಿರಿ, ಫಲಿತಾಂಶಕ್ಕೆ ಕಾಯುವುದು ಬೇಡ, ಮಾತ್ರೆ ಈಗಲೇ ಶುರು ಮಾಡೋಣ ಎಂದು ಮಾತ್ರೆಯ ಹೆಸರು ಹೇಳಿದರು. ನಾನು ಪಿಳಿಪಿಳಿ ನೋಡಿದೆ. ಅದು ನನ್ನ ಬ್ಯಾಗಿನಲ್ಲೇ ಇತ್ತು! ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು ಬರುತ್ತಿದೆ ಎಂದು, ಯಾರದೋ ಮಾತು ಕೇಳಿ ನಾನು ನುಂಗುತ್ತಿದ್ದ ಮಾತ್ರೆ. ನಾಚಿಕೆ ಬಿಟ್ಟು ತೆಗೆದುಕೊಟ್ಟೆ. ಡಾಕ್ಟರಮ್ಮ ಹಿಂದೆ ಮುಂದೆ ತಿರುಗಿಸಿ ಓದಿ, "ಬೇರೇನೂ ಬೆರೆತಿಲ್ಲ, ಇದೇ ಸಾಕು," ಅಂದರು.

"ಕೂದ್ಲು ಮಾತ್ರೆನಾ?" ಅಜ್ಜಿಗೆ ರೇಗಿತು. "ಮಿದುಳಿನ ಕಾಯ್ಲೆ ಅಂತೀರಿ, ಕೂದ್ಲು ಮಾತ್ರೆ ಕೊಡ್ತೀರಿ. ನಾವೇನ್ ಪಿಚ್ಚೋಳ್ಳಾ?"

"ಹುಚ್ಚಿ ನಾನವ್ವ," ಅಂದೆ. "ತಿಂಗಳ ಕೆಳಗೇ ಇದನ್ನ ಕೊಡಿಸ್ಬೇಕಾಗಿತ್ತು."

ಮಾತ್ರೆಯನ್ನು ಪುಡಿ ಮಾಡಿ ತಾಯಿಯ ಹಾಲಲ್ಲಿ ಕಲಸಿ ಚಮಚೆಯಲ್ಲಿ ಕುಡಿಸಿದೆವು. ಅಜ್ಜಿ ಗೋಡೆಗೆ ಒರಗಿ ಕೂತು ಡಾಕ್ಟರಮ್ಮನನ್ನು ಕೇಳಿದರು, "ನನ್ ತಮ್ಮನ್ಗೆ ಕೊಟ್ಟಿದ್ದೇ ತಪ್ಪಾಯ್ತಾ ತಾಯಿ?" ಆ ಚುರುಕು ಬಾಯಿಯ ಹುಡುಗಿ ನೆಲದ ಮೇಲೆ ಅವರ ಪಕ್ಕ ಕೂತಳು. "ತಪ್ಪು ಯಾರದೂ ಅಲ್ಲ ಅಜ್ಜಿ. ಇಬ್ಬರ ಮೈಯಲ್ಲೂ ಇದು ಅಡಗಿತ್ತು, ಅವರಿಗೇ ಗೊತ್ತಿರಲಿಲ್ಲ. ಮುಂದಿನ ಮಗುವಾದರೆ ಹುಟ್ಟಿದ ಕೂಡಲೇ ನಮಗೆ ಹೇಳಿ, ಸಾಕು."

ಆಮೇಲೆ ಡಾಕ್ಟರಮ್ಮ ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಅದು ತಿರುಗಲಿಲ್ಲ. ಇನ್ನೊಮ್ಮೆ ತಟ್ಟಿದರು. ಇಲ್ಲ. ನನ್ನನ್ನು ಹೊರಗೆ ಕರೆದು ಹೇಳಿದರು: ಕೈ ಅದುರುವುದು ನಿಲ್ಲುತ್ತದೆ, ಚರ್ಮ ಮಾಯುತ್ತದೆ, ಕೂದಲು ಬರುತ್ತದೆ. ಕಿವಿ ಒಂದು ಸಲ ಹೋಗಿದ್ದರೆ ಮಾತ್ರ ವಾಪಸ್ ಬರುವುದಿಲ್ಲ. ಮಗು ಈಗ ಮಂಪರಿನಲ್ಲಿದೆ, ಏನೂ ಹೇಳಲಾಗದು. ಬೆಂಗಳೂರಿನಲ್ಲಿ ಕಿವಿಯ ಪರೀಕ್ಷೆಗೆ ದಿನ ಸಿಕ್ಕಿದ್ದು ಮೂರು ತಿಂಗಳ ಮೇಲೆ.

ಆ ದಿನದಿಂದ ಅನ್ನ ರುಚಿಸಲಿಲ್ಲ ನನಗೆ. ಆ ಒಂದು ತಿಂಗಳಲ್ಲೇ ಕಿವಿ ಹೋಗಿದ್ದರೆ? ಗಂಡ ಎಷ್ಟು ಸಮಾಧಾನ ಹೇಳಿದರೂ ಅವರ ಮೇಲೇ ಹರಿಹಾಯುತ್ತಿದ್ದೆ.

ಸುದ್ದಿಗಳೆಲ್ಲ ಒಳ್ಳೆಯವೇ ಬರುತ್ತಿದ್ದವು. ನಾಲ್ಕೇ ದಿನಕ್ಕೆ ಕೈ ಅದುರುವುದು ನಿಂತಿತು. ಫಲಿತಾಂಶವೂ ಬಂತು, ಡಾಕ್ಟರಮ್ಮ ಊಹಿಸಿದ್ದೇ ನಿಜ. ತಾಯಿ ಫೋನಿನಲ್ಲಿ ವಿಡಿಯೋ ಕಳಿಸುತ್ತಿದ್ದಳು: ಕುತ್ತಿಗೆ ನಿಲ್ಲಿಸಿದ, ಮಗುಚಿದ, ಕೂತ. ಕಿವಿಯ ಬಗ್ಗೆ ಕೇಳಿದರೆ ಮಾತ್ರ, "ತಟ್ಟೆ ಬಡಿದ್ರೆ ಒಂದ್ಸಲ ತಿರುಗ್ತಾನೆ, ಇನ್ನೊಂದ್ಸಲ ಇಲ್ಲ ಮೇಡಮ್ಮ. ಕೇಳ್ತದೋ, ನಮ್ಮನ್ನ ನೋಡಿ ತಿರುಗ್ತಾನೋ," ಎನ್ನುತ್ತಿದ್ದಳು. ಎರಡು ಸಲ ಅವರ ಮನೆಗೇ ಹೋಗಿ, ಮಗುವಿನ ಅಂಗಾಲಿಗೆ ಚುಚ್ಚಿ ರಕ್ತ ತೆಗೆದು ಬಂದೆ. ಮೊದಲ ಸಲ ಸುಮ್ಮನೆ ಮುಲುಗಿದ. ಎರಡನೆಯ ಸಲ ಸೂಜಿ ಕಂಡು ಊರು ಕೇಳುವ ಹಾಗೆ ಅತ್ತ.

ಮೂರನೆಯ ಸಲ ಹೋದಾಗ ಬೆಂಗಳೂರಿನ ಪರೀಕ್ಷೆಗೆ ಇನ್ನೂ ಎರಡು ವಾರವಿತ್ತು. ಕುಂದುರ್ಪಿಯಲ್ಲಿ ಬಸ್ಸಿಳಿದು, ಸಿಕ್ಕ ಆಟೋ ಹಿಡಿದು ಹಳ್ಳಿ ಸೇರಿದೆ. ಅವರ ಬಾಗಿಲಿಗೆ ಅಡ್ಡವಾಗಿ ಐದಾರು ಕುರಿಗಳು ಮಲಗಿದ್ದವು. ಒಳಗೆ ಅಜ್ಜಿ ಮೊರದಲ್ಲಿ ಕಡಲೆಕಾಯಿ ಬೀಜ ಆರಿಸುತ್ತಿದ್ದರು, ತಾಯಿ ಒಲೆಯ ಹತ್ತಿರ. ಮಗು ಬಾಗಿಲಿಗೆ ಬೆನ್ನು ಹಾಕಿ ಚಾಪೆಯ ಮೇಲೆ ಕೂತು ಒಂದು ಮುಚ್ಚಳವನ್ನು ಕಚ್ಚುತ್ತಿತ್ತು. ತಲೆ ತುಂಬ ಆಗತಾನೇ ಎದ್ದ ರಾಗಿ ಪೈರಿನಂಥ ಕೂದಲು.

ನಾನು ಬಂದದ್ದನ್ನು ಯಾರೂ ನೋಡಿರಲಿಲ್ಲ. ಕುರಿಗಳು ಏಳಲಿಲ್ಲ. ನನಗೆ ರೇಗಿತು.

"ಥೂ, ಏಳ್ರೇ ಅತ್ಲಾಗೆ! ದಾರಿ ಬಿಡ್ರೇ!" ಎಂದು ಕೂಗಿದೆ.

ಮಗುವಿನ ಕೈಯಿಂದ ಮುಚ್ಚಳ ಬಿತ್ತು. ಬೆನ್ನು ನೆಟ್ಟಗಾಯಿತು. ತಿರುಗುವ ಮೊದಲೇ, ನನ್ನ ಮುಖ ನೋಡುವ ಮೊದಲೇ, ಬಾಯಿ ಅಗಲಿಸಿ ಹೋ ಎಂದು ಅಳತೊಡಗಿದ. ಅಳುತ್ತಲೇ ಎರಡೂ ಕಾಲನ್ನು ಮಡಿಸಿ, ಅಂಗಾಲುಗಳನ್ನು ಕೈಯಲ್ಲಿ ಮುಚ್ಚಿಕೊಂಡ.

ಅಜ್ಜಿಯ ಮೊರ ನಿಂತಿತು. ತಾಯಿ ಒಲೆಯ ಮುಂದಿನಿಂದ ಎದ್ದು ಬಂದು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು. ನನಗೆ ಅಲ್ಲಿಯೇ, ಕುರಿಗಳ ಮಧ್ಯೆ ಕುಣಿಯಬೇಕೆನ್ನಿಸಿತು.

"ಅವ್ವ," ಅಂದೆ, "ಇನ್ನೊಂದ್ಸಲ ಕೂಗ್ಲಾ?"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೂಗಮ್ಮ, ಜೋರಾಗ್ ಕೂಗು. ಅಳ್ಲಿ ನನ್ ಬಂಗಾರ!"