ನಮ್ಮ ಮಾವನವರ ಹಕ್ಕಿಗೋಡೆ

ನಮ್ಮ ಮಾವನವರ ಚಪ್ಪಲಿಗಳು ಕಾಲಿಗಿಂತ ಕೈಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದವು. ಮೈಮೇಲೆ ಕರಿ ಶೇರವಾನಿ, ತಲೆಗೆ ಗೊಂಡೆಯ ರೂಮಿ ಟೋಪಿ, ಕೆಳಗೆ ಕೆಸರು ಮೆತ್ತಿದ ಬರಿಗಾಲು. ಹಿಮ್ಮಡಿಗಳು ಬೇಸಿಗೆಯ ಎರೆಹೊಲದ ಹಾಗೆ ಬಿರಿದಿದ್ದವು. ಕಲಬುರ್ಗಿ ಕೋಟೆಯ ಕಂದಕದ ದಂಡೆಗೆ ಹೋದಾಗ ಚಪ್ಪಲಿ ಚರಕ್ ಎಂದರೆ ಹಕ್ಕಿಗಳು ಹಾರಿಹೋಗುತ್ತವೆಂದು ಕಳಚುತ್ತಿದ್ದರು. ಆಮೇಲೆ ಹಾಕಿಕೊಳ್ಳುವುದನ್ನು ಮರೆತು ಹಾಗೆಯೇ ಅದಾಲತ್ತಿಗೆ ಹೋಗಿಬಿಡುತ್ತಿದ್ದರು.

ಅದು ನಿಜಾಮರ ಕಾಲ. ಮಾವನವರು ಅದಾಲತ್ತಿನಲ್ಲಿ ಪೇಶಕಾರರು. ಸಾಕ್ಷಿ ಹೇಳಲು ಬಂದವರ ಮಾತನ್ನು ಉರ್ದುವಿನಲ್ಲಿ ಬರೆದುಕೊಳ್ಳುವುದು ಅವರ ಕೆಲಸ. ಆ ಕೆಲಸ ಅವರ ನಾಲಿಗೆಗೂ ಅಂಟಿಕೊಂಡಿತ್ತು. ಯಾರು ಏನೇ ಸುದ್ದಿ ತರಲಿ, ಅವರದು ಒಂದೇ ಪ್ರಶ್ನೆ: "ಕಂಡೀರೋ, ಕೇಳೀರೋ?" ಆಚೆ ಮನೆಯ ಎಮ್ಮೆ ಕರು ಹಾಕಿತು ಎಂದು ಅತ್ತೆ ಹೇಳಿದರೂ ಇದೇ ಪ್ರಶ್ನೆ. "ನಿಮ್ಮ ಅದಾಲತ್ತು ಅಲ್ಲೇ ಬಿಟ್ಟು ಬರ್ರಿ" ಎಂದು ಅತ್ತೆ ಗದರುತ್ತಿದ್ದರು.

ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟದವರ ಮಗಳಾದ ನಾನು ಕಲಬುರ್ಗಿಯ ಗಾಜಿಪುರ ಓಣಿಯ ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಏನೇನೋ ಗೀಚಿತ್ತು. ಓಣಿಯ ಮಕ್ಕಳ ಕೆಲಸ ಎಂದುಕೊಂಡೆ. ಮಹಾನವಮಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವುದು ಪದ್ಧತಿ. ಅತ್ತೆ ಆ ದಿನ ನೆಂಟರ ಮನೆಗೆ ಹೋಗಿದ್ದರು. ಹೊಸ ಸೊಸೆ, ಶಹಬ್ಬಾಸ್ ಅನ್ನಿಸಿಕೊಳ್ಳುವ ಹುಮ್ಮಸ್ಸು. ಪಡಸಾಲೆಯಿಂದಲೇ ಶುರು ಮಾಡಿ, ಆ ಗೀಚಿದ್ದು ಒಂದಿಷ್ಟೂ ಕಾಣದಂತೆ ಎರಡು ಕೈ ಹೆಚ್ಚಿಗೆ ಬಳಿದೆ.

ಸಂಜೆ ಮಾವನವರು ಅವಸರದಿಂದ ಒಳಗೆ ಬಂದರು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಇದ್ದಿಲ ತುಂಡು, ಮುಖದ ತುಂಬ ನಗು. ಗೋಡೆಯ ಮುಂದೆ ಬಂದು ನಿಂತರು. ಹಸಿ ಸುಣ್ಣಕ್ಕೆ ಹೆಬ್ಬೆರಳು ಒತ್ತಿ ನೋಡಿಕೊಂಡರು. "ಸುಣ್ಣಾ ಚಲೋ ಹತ್ತೇದ" ಎಂದಷ್ಟೇ ಹೇಳಿ ಒಳಗೆ ಹೋಗಿ ಕೂತರು.

ನಾನು ಮಾಡಿದ್ದೇನು ಎಂದು ಅತ್ತೆ ಬಂದ ಮೇಲೆ ಗೊತ್ತಾಯಿತು. "ಹದಿನೆಂಟು ವರ್ಷದ ಹಕ್ಕಿ ಸುಣ್ಣದಾಗ ಮುಳುಗಿಸಿದೆಲ್ಲೇ ತಾಯಿ" ಎಂದು ಅವರು ಹಣೆ ಹಣೆ ಬಡಿದುಕೊಂಡರು.

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಸೀಮೆಗೆ ಉತ್ತರದಿಂದ ಹಕ್ಕಿಗಳು ಬರತೊಡಗುತ್ತವೆ. ಕೋಟನೂರಿನ ಜೋಳದ ಹೊಲಗಳಿಗೆ ಗುಲಾಬಿ ಬೆನ್ನಿನ ಗೊರವಂಕಗಳು ಹಿಂಡುಗಟ್ಟಿ ಇಳಿಯುತ್ತವೆ. ಮಾವನವರ ಕಣ್ಣು ಮಾತ್ರ ಒಂದು ಸಣ್ಣ ಹಕ್ಕಿಯ ಮೇಲೆ. ಗುಬ್ಬಿಗಿಂತ ತುಸು ಉದ್ದ, ಸದಾ ಬಾಲ ಕುಣಿಸುತ್ತ ನೀರಿನ ಅಂಚಿನಲ್ಲಿ ಓಡಾಡುವಂಥದ್ದು. ಅಗಸರ ಕಲ್ಲು ಬಿಟ್ಟು ಹೋಗುವುದಿಲ್ಲವೆಂದು ಓಣಿಯ ಮುಸಲ್ಮಾನರು ಅದನ್ನು ಧೋಬನ್ ಅನ್ನುತ್ತಿದ್ದರು. ಅದರಲ್ಲಿ ಕರಿ ಬೆನ್ನು, ಬಿಳಿ ಹುಬ್ಬಿನ ಜಾತಿ ವರ್ಷವಿಡೀ ಇಲ್ಲೇ ಇರುತ್ತದೆ. ಬಿಳಿ ಮುಖ, ಬೂದು ಬೆನ್ನಿನದು ಪರದೇಶಿ. ಆ ಪರದೇಶಿ ಪ್ರತಿವರ್ಷ ಒಂದೇ ದಿನಕ್ಕೆ ಬರುತ್ತದೆಯೋ ಹೇಗೆ ಎಂಬುದು ಮಾವನವರ ತಲೆ ಕೊರೆಯುವ ಪ್ರಶ್ನೆ. ಅದನ್ನು ಮೊದಲು ಕಂಡ ದಿನದ ತಿಥಿಯನ್ನು ಗೋಡೆಗೆ ಬರೆಯುತ್ತಿದ್ದರು. ಪುಸ್ತಕದಲ್ಲಿ ಬರೆದರೆ ತಾವೊಬ್ಬರೇ ಓದಬೇಕು, ಗೋಡೆಯ ಮೇಲಾದರೆ ಬಂದವರೂ ಇದೇನೆಂದು ಕೇಳುತ್ತಾರೆ ಎಂಬುದು ಅವರ ವಾದ.

ನನ್ನನ್ನು ತವರಿಗೆ ಅಟ್ಟುತ್ತಾರೆಂದು ಹೆದರಿ ಸೀರೆ ಗಂಟು ಕಟ್ಟಿಟ್ಟುಕೊಂಡೆ. ಮರುದಿನ ಪಡಸಾಲೆಯಿಂದ ಅವರ ದನಿ ಬಂತು. "ಅಳಿಸಿದ ಕೈಲೆ ಬರೀಲಿ. ನಾ ಅಕ್ಷರಾ ಕಲಸ್ತೀನಿ."

"ಸೊಸಿಗಿ ಓದಸ್ತಾರಂತ. ಮಂದಿ ನಗ್ತಾರ" ಎಂದರು ಅತ್ತೆ.

"ನಗಲಿ. ಓದಾಕ ಬಂದಿದ್ದರ ಆಕಿ ಅಳಸ್ತಿದ್ದಿಲ್ಲ."

ಹಾಗೆ ನಾನು ಬಾಗಿಲ ಮರೆಯಲ್ಲಿ ಕೂತು ಪಾಟಿಯ ಮೇಲೆ ಅಕ್ಷರ ತಿದ್ದಿದೆ. ಈಗ ಈ ನಾಲ್ಕು ಸಾಲು ಬರೆಯುತ್ತಿರುವುದೂ ಆ ಕಲಿಕೆಯಿಂದಲೇ. ಕೂಡಿಸಿ ಬರೆಯಲು ಬಂದ ದಿನ ಧೈರ್ಯ ಮಾಡಿ ಕೇಳಿದೆ: "ಹಳೇ ವರ್ಷದ್ದೆಲ್ಲಾ ನಿಮಗ ನೆನಪಿರಬೇಕಲ್ರಿ ಮಾವಾರ. ನೀವು ಹೇಳ್ರಿ, ನಾ ಗೋಡಿಗಿ ಬರೀತೀನಿ."

"ನೆನಪದ" ಎಂದರು. "ಹದಿನೆಂಟೂ ವರ್ಷದ್ದು ನೆನಪದ. ಖರೇ ಅಂದ್ರ ಅವನ್ನ ಈಗ ನನ್ನ ನೆನಪಿನ ಬಾಯಿಲೆ ಕೇಳಬೇಕು. ಕೇಳಿದ್ದು ಗೋಡಿ ಮ್ಯಾಲ ಬರಂಗಿಲ್ಲ."

ಇಂಥ ಹಟದ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ತಪ್ಪು ಸರಿಮಾಡಲು ಒಂದು ದಾರಿ ಇತ್ತು, ಅದನ್ನೂ ಮುಚ್ಚಿಬಿಟ್ಟರಲ್ಲ ಎಂದು.

ಮತ್ತೊಂದು ದಿನ ಅವರು ತಮ್ಮ ಗೋಳು ತೋಡಿಕೊಂಡರು. ಹಕ್ಕಿ ಒಂದು ವರ್ಷ ಭಾದ್ರಪದ ಶುದ್ಧದಲ್ಲಿ ಬಂದರೆ ಇನ್ನೊಂದು ವರ್ಷ ಬಹುಳದಲ್ಲಿ, ಮತ್ತೊಮ್ಮೆ ಆಶ್ವೀಜಕ್ಕೇ ಹೋಗುತ್ತದೆ, ಅದಕ್ಕೊಂದು ಶಿಸ್ತೇ ಇಲ್ಲ ಎಂದು. ನನಗೆ ಬಾಗಿಲ ಹಿಂದೆ ನಗು ಬಂತು.

"ಹಕ್ಕಿಗಿ ತಿಥಿ ಹ್ಯಾಂಗ ತಿಳೀತದ್ರಿ? ನಮ್ಮ ಕಮಲಾಪುರದ ತೋಟಕ್ಕ ಅದು ಉತ್ತರಿ ಮಳ್ಯಾಗ ಬರ್ತದ. ಬಾಳಿ ಪಾತಿಯಾಗ ಅಡ್ಡಾಡ್ತದ."

"ಕಂಡೀಯೋ, ಕೇಳೀಯೋ?"

"ಕಂಡೀನ್ರಿ. ಸಣ್ಣಾಕಿದ್ದಾಗಿಂದ ಕಂಡೀನಿ."

ಅವತ್ತು ಅವರು ಊಟ ಮರೆತು ಪಂಚಾಂಗಗಳನ್ನು ಹರಡಿಕೊಂಡು ಬೆರಳೆಣಿಸುತ್ತ ಕೂತರು. ತಿಥಿ ಚಂದ್ರನ ಎಣಿಕೆಯದು, ಅಧಿಕ ಮಾಸ ಬಂದರೆ ಹಿಂದೆ ಮುಂದೆ ಆಗುತ್ತದೆ. ಉತ್ತರಿಯಂಥ ಮಳೆಯ ನಕ್ಷತ್ರ ಸೂರ್ಯನ ಎಣಿಕೆಯದು, ಜಾಗ ಬಿಡುವುದಿಲ್ಲ. ನೆನಪಿನಲ್ಲಿದ್ದ ಹದಿನೆಂಟೂ ವರ್ಷ ಉತ್ತರಿ ಮಳೆಯೊಳಗೇ ಬಂದು ಕೂತವು. "ಹಕ್ಕಿ ಸರಿಯಾಗೇ ಬರ್ತಿತ್ತು, ನಾನೇ ತಪ್ಪು ಗಡಿಯಾರಾ ನೋಡ್ತಿದ್ದೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಗೋಡೆಯ ಮೇಲೆ ಮಳೆಯ ಲೆಕ್ಕ.

ಚೊಚ್ಚಲ ಹೆರಿಗೆಗೆ ಕಮಲಾಪುರಕ್ಕೆ ಹೋದಾಗ ಅಲ್ಲಿಂದ ಅವರಿಗೊಂದು ಕಾರ್ಡು ಬರೆದೆ. ನನ್ನ ಜೀವನದ ಮೊದಲ ಕಾಗದ. "ಉತ್ತರಿ ಮಳೆ, ಎರಡನೇ ಪಾದ. ಹಳ್ಳದ ಕಲ್ಲಿನ ಮೇಲೆ. ಒಂದು. ಕಂಡೆ." ಅಷ್ಟೇ. ಅತ್ತೆ ಇಡೀ ಓಣಿಗೆ ಕೇಳುವಂತೆ ಬೈದರಂತೆ: "ದಿನಾ ತುಂಬಿದ ಬಸುರಿ, ತಾ ಹ್ಯಾಂಗದಾಳ ಅಂತ ಒಂದಕ್ಷರ ಇಲ್ಲ. ಹಕ್ಕಿ ಬಂತಂತ ಬರ್ದಾಳ." ಮಾವನವರು ಆ ಕಾರ್ಡನ್ನು ಟೋಪಿಯೊಳಗೆ ಇಟ್ಟುಕೊಂಡು ಅದಾಲತ್ತಿನಲ್ಲಿ ಎಲ್ಲರಿಗೂ ತೋರಿಸಿದರಂತೆ. ಇದು ನಾನು ಕೇಳಿದ್ದು, ಕಂಡದ್ದಲ್ಲ.

ಹನ್ನೊಂದು ವರ್ಷ ಗೋಡೆ ತುಂಬುತ್ತ ಬಂತು. ಮಹಾನವಮಿಗೆ ಅಷ್ಟು ಜಾಗ ಬಿಟ್ಟು ಸುತ್ತ ಸುಣ್ಣ ಬಳಿಯುತ್ತಿದ್ದೆ. ಹನ್ನೆರಡನೆಯ ವರ್ಷ ಶ್ರಾವಣದಲ್ಲಿ ಮಾವನವರು ಹಾಸಿಗೆ ಹಿಡಿದರು. ಉತ್ತರಿ ಮಳೆ ಹುಟ್ಟಿದ ದಿನದಿಂದ ನನ್ನನ್ನು ಕಂದಕಕ್ಕೆ ಕಳಿಸತೊಡಗಿದರು. ನಾನು ಬಂದು "ಇಲ್ರಿ" ಎಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಕ್ಕಿಗಾಗಿಯೇ ಜೀವ ಹಿಡಿದಿದ್ದಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಮುಂಜಾನೆ ದಂಡೆಯಲ್ಲಿದ್ದ ಅಗಸ ಹೇಳಿದ: "ನಿನ್ನಿ ಸಂಜಿಕ ಈ ಕಲ್ಲ ಮ್ಯಾಲೇ ಕುಂತಿತ್ತು ನೋಡ್ರಿ ಅಕ್ಕಾರ." ಮುಖ ಬಿಳಿಯಿತ್ತೋ ಕರಿಯಿತ್ತೋ ಎಂದು ಕೇಳಿದರೆ, "ಅದನ್ನ ಯಾರು ನೋಡ್ಯಾರ್ರಿ" ಎಂದ. ಬಿಸಿಲೇರುವವರೆಗೂ ದಂಡೆಯುದ್ದಕ್ಕೂ ತಿರುಗಿದೆ. ಕಾಣಲಿಲ್ಲ.

ಅತ್ತೆ ಹೊಸ್ತಿಲಲ್ಲೇ ಕಾಯುತ್ತಿದ್ದರು. ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು: "ಬಂತು ಅಂದುಬಿಡವ್ವಾ. ಹೋಗೋ ಜೀವಕ್ಕ ಖರೇ ಏನು, ಸುಳ್ಳೇನು."

ಹಾಸಿಗೆಯ ಹತ್ತಿರ ಹೋದೆ. ಅವರು ಕಣ್ಣು ತೆರೆದರು. ಒಂದು ಮಾತು ಹೇಳಿದ್ದರೆ ಆ ಮುಖದಲ್ಲಿ ನಗು ನೋಡಬಹುದಿತ್ತು. ಹಾಗೆ ಹೇಳಬೇಕು ಎಂದೇ ನನಗೂ ಅನ್ನಿಸಿತ್ತು. ಬಾಯಿಗೆ ಬರಲಿಲ್ಲ.

"ಅಗಸ ನೋಡ್ಯಾನಂತ ಮಾವಾರ. ನಾ ಕೇಳೀನಿ, ಕಂಡಿಲ್ಲ."

"ಹಂಗಾದ್ರ ಬರೀಬ್ಯಾಡ" ಎಂದರು. ನನ್ನ ಬೆರಳು ಹಿಡಿದು ಒಮ್ಮೆ ಒತ್ತಿದರು. ಮರುದಿನ ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ಹೋಗಿಬಿಟ್ಟರು.

ಹೇಳಿಬಿಡಬೇಕಿತ್ತೇ ಎಂದು ಎರಡು ದಿನ ನನ್ನನ್ನೇ ಬೈದುಕೊಂಡೆ. ಮೂರನೆಯ ದಿನ ಅವರ ಹಾಸಿಗೆ ಬಟ್ಟೆ ಒಗೆಯಲು ಕಂದಕಕ್ಕೆ ಹೋದೆ. ಅವರ ಧೋತರ ಒಗೆದು ದಂಡೆಯ ಹುಲ್ಲಿನ ಮೇಲೆ ಹರವಿದೆ. ತಿರುಗಿ ನೋಡಿದರೆ ಅದರ ಅಂಚಿನಲ್ಲೇ ಬಾಲ ಕುಣಿಸುತ್ತ ಓಡಾಡುತ್ತಿತ್ತು. ಬಿಳಿ ಮುಖ, ಬೂದು ಬೆನ್ನು, ಎದೆಯ ಮೇಲೆ ಕರಿ ಪಟ್ಟಿ. ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದೆ.

ಬಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಒಲೆಯಿಂದ ಇದ್ದಿಲು ತಂದೆ. ಸೂತಕದ ಮನೆ. ಪಡಸಾಲೆಯಲ್ಲಿ ಕೂತಿದ್ದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಗೆ ಕೈ ಎತ್ತಿದಾಗ, ಮೂರು ದಿನದಿಂದ ಮೂಲೆಯಲ್ಲಿ ಕೂತಿದ್ದ ಅತ್ತೆ ತಲೆಯೆತ್ತಿದರು.

"ಕಂಡೀಯೋ, ಕೇಳೀಯೋ?"

"ಕಂಡೀನ್ರಿ ಅತ್ತಿ."

"ಹಂಗಾದ್ರ ಬರಿ" ಎಂದರು.