ಆರತಿಗೆ ಮೊಳಗಿದ ಗಂಟೆ

ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದೆ. ಮನೆ, ಅಂಗಡಿ, ಹಿಟ್ಟಿನ ಗಿರಣಿ ಬಿಟ್ಟರೆ ಬೇರೇನೂ ಕಂಡವನಲ್ಲ. ಶ್ರೀರಾಂಪುರದಲ್ಲಿ ಕುರಿ ಸಾಕುವುದು ಬಿಟ್ಟು ಕೋಳಿಮರಿ ವ್ಯಾಪಾರಕ್ಕೆ ಹೊಸ ಕಟ್ಟಡ ಕಟ್ಟಿಸಿದ್ದವರೊಬ್ಬರು, ಮೊಟ್ಟೆಗೆ ಕಾವು ಕೊಡುವ ದೊಡ್ಡ ಪೆಟ್ಟಿಗೆಗೆ ಥರ್ಮೋಸ್ಟಾಟ್ ಕೂರಿಸಲು ಕರೆದಾಗ ಕುಣಿದಾಡುವಷ್ಟು ಖುಷಿಯಾಯಿತು. ಕಾವು ಮಿತಿ ಮೀರಿದರೆ ಅದು ಪೆಟ್ಟಿಗೆಯೊಳಗೆ ಕಾವು ಕೊಡುವ ಬಲ್ಬುಗಳನ್ನು ತಾನೇ ಆರಿಸಬೇಕು, ರಸ್ತೆಯಾಚೆ ಅವರ ಮನೆಯಲ್ಲಿ ಗಂಟೆಯನ್ನೂ ಬಾರಿಸಬೇಕು. ಅದಕ್ಕೆಂದೇ ರಸ್ತೆಯ ಮೇಲೆ ತಂತಿ ಎಳೆದಿದ್ದೆ.

ಗಂಟೆ ಹೊಡೆಯುತ್ತದೋ ನೋಡಲು ಮಾಲೀಕರು ಮನೆಗೆ ಹೋದರು. ನಾನು ಸ್ವಿಚ್ ಹಾಕಿದೆ, ಬಲ್ಬುಗಳು ಹೊತ್ತಿಕೊಂಡವು. ಅಷ್ಟರಲ್ಲಿ ಅವರ ತಾಯಿ ಆರತಿ ತಟ್ಟೆ ಹಿಡಿದು ಬಂದರು. ಪೂಜೆಯಿಲ್ಲದೆ ನಮ್ಮ ಕಡೆ ಪಂಪ್‌ಸೆಟ್ಟನ್ನೂ ಶುರು ಮಾಡುವುದಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆಸಿ, ಫಳಫಳ ಹೊಳೆಯುತ್ತಿದ್ದ ಥರ್ಮೋಸ್ಟಾಟಿನ ಮೂತಿಗೇ ಕರ್ಪೂರದ ಉರಿ ಹಿಡಿದು ಬೆಳಗತೊಡಗಿದರು.

"ಅಜ್ಜೀ, ದೂರ ಹಿಡೀರಿ!" ಎಂದು ರೇಗಿದೆ.

ಟಕ್ ಎಂದಿತು. ಬಲ್ಬುಗಳೆಲ್ಲ ಆರಿದವು.

"ಅಯ್ಯೋ, ದೀಪ ಆರೋತಲ್ಲಪ್ಪ! ಅಪಶಕುನ ಆತು!" ಅಜ್ಜಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು.

ನಾನು ಬಾಯಿ ತೆರೆಯುವ ಮೊದಲೇ ಮಾಲೀಕರು ಪಂಚೆ ಎತ್ತಿಕಟ್ಟಿ ಓಡಿಬಂದರು. "ಹೊಡ್ಕಂತೈತೆ! ಗಂಟೆ ಹೊಡ್ಕಂತೈತೆ, ಕೇಳ್ರಿ!"

ನನ್ನ ಸಿಟ್ಟು ಎಲ್ಲಿ ಹೋಯಿತೋ! "ಅಜ್ಜೀ, ಅದು ಆರಲೇಬೇಕಿತ್ತು! ಕೆಲಸ ಮಾಡ್ತೈತೆ!" ಎಂದು ಕೂಗಿ ಅವರ ಕಾಲಿಗೇ ಬಿದ್ದೆ.

ಅಜ್ಜಿ ರಸ್ತೆಯಾಚೆಯ ಸದ್ದಿಗೆ ಕಿವಿಗೊಟ್ಟರು. ನಿಧಾನವಾಗಿ ಮುಖ ಅರಳಿತು. ತಟ್ಟೆಗೆ ಹೊಸ ಕರ್ಪೂರ ಇಟ್ಟುಕೊಂಡರು.

"ಆರತಿ ಇಲ್ಲಿ, ಗಂಟೆ ಅಲ್ಲಿ! ತಡಿಯಪ್ಪ, ಇನ್ನೊಂದ್ಸಲ ಬೆಳಗ್ತೀನಿ."